ಎರೆಭೂತದ ದಿಬ್ಬ

ಸೀಗೆಕಾವಲು, ಅಜ್ಜಂಪುರ
೧೨ ಜೂನ್ ೧೯೩೪

ಚಿರಂಜೀವಿ ರಂಗನಾಥನಿಗೆ ಅಪ್ಪನ ಆಶೀರ್ವಾದ.

ಮಳೆಯಲ್ಲಿ ನೆನೆದು ಕೆಮ್ಮು ಹಿಡಿಸಿಕೊಳ್ಳಬೇಡ ಎಂದು ನಿಮ್ಮವ್ವ ಹೇಳಿದ್ದಾಳೆ. ಅದನ್ನು ಮೊದಲು ಬರೆದುಬಿಟ್ಟಿದ್ದೇನೆ, ಇಲ್ಲದಿದ್ದರೆ ಮಿಕ್ಕದ್ದನ್ನು ಬರೆಯಲು ಬಿಡುವವಳಲ್ಲ.

ಈಗ ಕೇಳು. ಒಂಬತ್ತು ವರ್ಷದ ಮೇಲೆ ನಮ್ಮ ಕಾವಲಿಗೆ ಎರೆಭೂತ ಬಂದಿದೆ. ಭಾನುವಾರ ಬೆಳಿಗ್ಗೆ ಮಂದೆ ಬಿಟ್ಟುಕೊಂಡು ಹೋಗುತ್ತಿದ್ದೆ. ದಿಬ್ಬದ ಮೇಲೆ ಯಾರೋ ಬಿಳಿ ಪಂಚೆ ಉಟ್ಟವನು ನಿಂತ ಹಾಗೆ ಕಂಡಿತು. ಸರ್ಕಾರದ ಹುಲ್ಲುಗಾವಲಿನೊಳಗೆ ಅಪ್ಪಣೆಯಿಲ್ಲದೆ ಬಂದವನ್ಯಾರು ಎಂದು ಬೈಯಲು ಬಾಯಿ ತೆರೆದೆ. ಅಷ್ಟರಲ್ಲಿ ಆ ಪಂಚೆಯವನು ಬಾಲವನ್ನು ಬೆನ್ನ ಮೇಲೆ ಮಗುಚಿ, ಕತ್ತಿನ ಚೀಲವನ್ನು ಮೊಣಕಾಲಿನವರೆಗೆ ಉಬ್ಬಿಸಿ, ಬಾವಿಯೊಳಗೆ ಕೊಡ ಮುಳುಗಿದಂತೆ ಒಂದು ಹೂಂಕಾರ ಹಾಕಿದ. ನಾನು ಅಲ್ಲೇ ಕುಕ್ಕರಿಸಿ ಕೂತೆ. ನನ್ನ ಸೊಂಟಕ್ಕಿಂತ ಎತ್ತರದ ಗಂಡು ಹಕ್ಕಿ, ತಲೆಯ ಮೇಲೆ ಕರಿ ಟೋಪಿ. ಅಲ್ಲಿಂದ ಇನ್ನೂರು ಹೆಜ್ಜೆ ಕೆಳಗೆ ಬರಿಯ ಎರೆಮಣ್ಣಿನ ಮೇಲೆ ಹೆಣ್ಣು ಮೊಟ್ಟೆಗೆ ಕೂತಿದೆ. ಒಂದೇ ಮೊಟ್ಟೆ.

ನಮ್ಮಲ್ಲಿ ನಡೆದು ಬಂದಂತೆ ಅದರ ಸುತ್ತ ದೂರದಲ್ಲಿ ಏಳು ಬಿಳಿಕಲ್ಲು ಇಟ್ಟಿದ್ದೇನೆ. ಕಲ್ಲು ಕಂಡ ದನಗಾಹಿ ಮಂದೆಯನ್ನು ಆಚೆಯಿಂದ ತಿರುಗಿಸಬೇಕು. ನನ್ನ ಅಪ್ಪ ಹೇಳುತ್ತಿದ್ದ ಪ್ರಕಾರ ಮೊಟ್ಟೆ ಒಡೆಯಲು ಇಪ್ಪತ್ತೇಳು ದಿನ. ಅಲ್ಲಿಯವರೆಗೆ ಕಲ್ಲಿಟ್ಟವನು ಆ ಜಾಗವನ್ನು ಹೊರಗಿನವರಿಗೆ ಹೇಳಬಾರದು. ನೀನು ಹೊರಗಿನವನಲ್ಲ ಎಂದು ಬರೆದೆ.

ಕಾಫಿ ಗಿಡಗಳ ಮಧ್ಯೆ ಕೂತು ಮಂದೆಯ ಕೂಗು ಮರೆತಿಲ್ಲ ತಾನೆ? ಹಸುಗಳು ದಾರಿ ಬಿಡಬೇಕಾದರೆ ಒಂದೇ ಉಸಿರಿನ ಉದ್ದನೆಯ ಕೂಗು. ತೋಳ ಬಂದರೆ ಅಂಗೈ ಬಾಯಿಗೆ ಬಡಿದು ಎರಡು ಗಿಡ್ಡ ಕೂಗು. ಆರು ವರ್ಷದವನಾಗಿದ್ದಾಗ ನೀನು ಎರಡನ್ನೂ ಅದಲುಬದಲು ಮಾಡಿದ್ದೆ. ಎಂಬತ್ತು ಹಸುಗಳು ಕರುಗಳನ್ನು ನಡುವೆ ಹಾಕಿಕೊಂಡು, ಕೊಂಬು ಹೊರಗೆ ಮಾಡಿ, ಮಧ್ಯಾಹ್ನದವರೆಗೆ ಕದಲಲಿಲ್ಲ. ನೆನೆದರೆ ಈಗಲೂ ನಗು ಬರುತ್ತದೆ.

ನಿನ್ನ ಅಪ್ಪ,
ತಮ್ಮಯ್ಯ

*

ಬಿಳಿಗಲ್ಲು ಎಸ್ಟೇಟ್, ಮೂಡಿಗೆರೆ
೧೯ ಜೂನ್ ೧೯೩೪

ಅಪ್ಪನವರ ಪಾದಗಳಿಗೆ ರಂಗನಾಥನ ನಮಸ್ಕಾರ.

ಕೆಮ್ಮು ಇಲ್ಲ ಎಂದು ಅವ್ವನಿಗೆ ಹೇಳಿ. ಇಲ್ಲಿ ಹತ್ತು ದಿನದಿಂದ ಸೂರ್ಯನನ್ನು ಕಂಡಿಲ್ಲ. ಹಾಜರಿ ಪುಸ್ತಕವನ್ನು ಒಲೆಯ ಮೇಲೆ ಕಾಯಿಸಿ ಬರೆಯುತ್ತಿದ್ದೇನೆ.

ನಿಮ್ಮ ಕಾಗದ ಓದಿ ಎಷ್ಟು ಸಂತೋಷವಾಯಿತೆಂದರೆ ಆ ಸಂತೋಷದಿಂದಲೇ ಒಂದು ತಪ್ಪು ಮಾಡಿದ್ದೇನೆ. ಇಲ್ಲಿ ಟಪಾಲು ಚೀಲವನ್ನು ಆಫೀಸಿನಲ್ಲಿ ಒಡೆಯುತ್ತಾರೆ. ಓದು ಬರದ ಆಳುಗಳಿಗೆ ನಮ್ಮ ಗುಮಾಸ್ತರಿಗೆಲ್ಲ ಹಿರಿಯರಾದ ಹೆಡ್ ರೈಟರ್ ಓಂಕಾರಪ್ಪನವರು ಕಾಗದ ಓದಿ ಹೇಳುವುದು ಪದ್ಧತಿ. ಓದಿ ಓದಿ ಅವರಿಗೆ ಎಲ್ಲರ ಕಾಗದವೂ ತಮ್ಮದೇ ಅನಿಸಿಬಿಟ್ಟಿದೆ. ನಿಮ್ಮದನ್ನೂ ಒಡೆದಿದ್ದರು. "ಏನೋ ಮಾರಾಯ, ನಿಮ್ಮಪ್ಪ ಕಲ್ಲಿಟ್ಟು ಹಕ್ಕಿ ಕಾಯ್ತಿದಾರಂತಲ್ಲ! ಎಂಥ ಹಕ್ಕಿ ಅದು?" ಎಂದು ಕೇಳಿದರು. ನಾನು ಸುಮ್ಮನಿರಬೇಕಿತ್ತು. ಎದ್ದು ನಿಂತು, ಕತ್ತು ಉಬ್ಬಿಸಿ, ಹೂಂಕಾರ ಹಾಕಿ ತೋರಿಸಿದೆ. ಆಫೀಸೆಲ್ಲ ನಕ್ಕಿತು.

ಮಾತು ಎಸ್ಟೇಟಿನ ದೊರೆಯ ಕಿವಿಗೆ ಬಿದ್ದು, ಆ ಸಂಜೆ ಅವರು ನನ್ನನ್ನು ಬಂಗಲೆಗೆ ಕರೆಸಿದರು. ಜಗಲಿಯ ತುಂಬ ಗಾಜಿನ ಪೆಟ್ಟಿಗೆ, ಒಂದೊಂದರಲ್ಲೂ ಹೊಟ್ಟೆಗೆ ಹತ್ತಿ ತುಂಬಿದ ಹಕ್ಕಿ. ಮೂಲೆಯಲ್ಲಿ ಎಲ್ಲಕ್ಕಿಂತ ದೊಡ್ಡ ಪೆಟ್ಟಿಗೆ ಖಾಲಿ ಇದೆ. ಹನ್ನೆರಡು ವರ್ಷದಿಂದ ಅದು ಎರೆಭೂತಕ್ಕಾಗಿ ಕಾದಿದೆಯಂತೆ. ಬರುವ ವರ್ಷ ಅವರು ವಿಲಾಯಿತಿಗೆ ಹೊರಟುಹೋಗುತ್ತಾರೆ. ಹಕ್ಕಿ ಸಿಕ್ಕರೆ ಹೋಗುವ ಮುಂಚೆ ನನ್ನನ್ನು ಖಾಯಂ ರೈಟರ್ ಮಾಡುತ್ತೇನೆ ಎಂದರು. ಮೂರು ವರ್ಷದಿಂದ ನಾನು ಹಂಗಾಮಿಯಾಗಿಯೇ ಇರುವುದು ನಿಮಗೆ ಗೊತ್ತಿದೆ.

ಅಪ್ಪ, ಅವರಿಗೆ ಬೇಕಾಗಿರುವುದು ಗಂಡು ಮಾತ್ರ. ಹೆಣ್ಣನ್ನೂ ಮೊಟ್ಟೆಯನ್ನೂ ಮುಟ್ಟುವುದಿಲ್ಲ ಎಂದಿದ್ದಾರೆ. ಒಂದೇ ಒಂದು ಹಕ್ಕಿ. ನೀವು ಒಪ್ಪಿದರೆ ನಾನೂ ಅವರ ಜೊತೆ ಬಂದು ಅವ್ವನನ್ನು ನೋಡಿದ ಹಾಗಾಗುತ್ತದೆ.

ನಿಮ್ಮ ಮಗ,
ರಂಗನಾಥ

*

ಸೀಗೆಕಾವಲು
೨೩ ಜೂನ್ ೧೯೩೪

ರಂಗನಾಥನಿಗೆ,

ಮೊದಲಿಗೆ ಓಂಕಾರಪ್ಪನವರಿಗೆ ನಮಸ್ಕಾರ. ಸ್ವಾಮಿ, ಕಾಗದ ಒಡೆದವರು ನೀವಾದ್ದರಿಂದ ನಿಮ್ಮ ಕ್ಷೇಮವನ್ನೇ ಮೊದಲು ಕೇಳುವುದು ಮರ್ಯಾದೆ. ಓದಿ ಮುಗಿದ ಮೇಲೆ ಇದನ್ನು ನನ್ನ ಮಗನಿಗೂ ಕೊಡುವುದು.

ರಂಗ, ಒಂದೇ ಹಕ್ಕಿ ಎಂದು ಬರೆದಿದ್ದೀಯೆ. ಒಂಬತ್ತು ವರ್ಷದಲ್ಲಿ ಬಂದದ್ದು ಒಂದೇ. ಅದು ಹೋದರೆ ಇನ್ನು ಯಾವುದನ್ನು ಕಾದು ಕೂರಲಿ? ನನಗಿರುವುದೂ ಒಬ್ಬನೇ ಮಗ, ಅವನನ್ನು ಯಾರಾದರೂ ಗಾಜಿನ ಪೆಟ್ಟಿಗೆಗೆ ಕೇಳಿದರೆ ಕೊಡಲೆ?

ಕಲ್ಲು ಎತ್ತಿಬಿಡೋಣವೆಂದು ನಿನ್ನೆ ಹೋದೆ. ಎತ್ತಿದರೆ ದನ ತುಳಿಯುತ್ತದೆ, ಬಿಟ್ಟರೆ ಬಂದೂಕಿಗೆ ಗುರುತಾಗುತ್ತದೆ. ಬಿಸಿಲಿನಲ್ಲಿ ನಿಂತು ಯೋಚಿಸಿ ಯೋಚಿಸಿ ಹಾಗೇ ವಾಪಸು ಬಂದೆ. ಕಾಪಾಡಲು ಇಟ್ಟ ಕಲ್ಲೇ ಹೀಗೆ ತಿರುಗಿ ಬೀಳುತ್ತದೆಂದು ನಾನು ಎಣಿಸಿರಲಿಲ್ಲ. ನಿನಗೆ ಬರೆದದ್ದೇ ನನ್ನ ತಪ್ಪು.

ಯಾರೂ ಬರುವುದು ಬೇಡ.

ತಮ್ಮಯ್ಯ

*

ಮೂಡಿಗೆರೆ
೨೬ ಜೂನ್ ೧೯೩೪

ಅಪ್ಪನವರಿಗೆ,

ಇದನ್ನು ಎಸ್ಟೇಟಿನ ಚೀಲಕ್ಕೆ ಹಾಕದೆ, ಸಾಮಾನು ತರುವ ನೆಪದಲ್ಲಿ ಮೂಡಿಗೆರೆಗೆ ಬಂದು ಪೋಸ್ಟ್ ಆಫೀಸಿನ ಜಗಲಿಯಲ್ಲಿ ಕೂತು ಬರೆಯುತ್ತಿದ್ದೇನೆ. ನಾನು ಬರೆದದ್ದನ್ನು ಇನ್ನು ಓಂಕಾರಪ್ಪನವರು ನೋಡಲಾರರು. ನೀವು ಬರೆಯುವುದನ್ನು ಮಾತ್ರ ನೋಡುತ್ತಾರೆ, ಎಚ್ಚರವಿರಲಿ.

ದೊರೆ ನಿಮ್ಮ ಒಪ್ಪಿಗೆಗೆ ಕಾಯಲಿಲ್ಲ. ನಮ್ಮ ಕಾವಲಿನಲ್ಲಿ ಶಿಕಾರಿಗೆ ಪರವಾನಗಿ ತರಿಸಿಕೊಂಡಿದ್ದಾರೆ. ಕಾವಲುಗಾರನೇ ಹಕ್ಕಿಯನ್ನು ತೋರಿಸಬೇಕೆಂದು ನಿಮಗೂ ಹುಕುಂ ಬರುತ್ತದೆ. ಜುಲೈ ಐದಕ್ಕೆ ಬೆಳಿಗ್ಗೆ ಕಾರಿನಲ್ಲಿ ಬರುತ್ತೇವೆ. ನಾನು ಜೊತೆಗಿರಲೇಬೇಕು. ನನಗೊಂದು ಖಾಕಿ ಕೋಟು ಕೊಟ್ಟಿದ್ದಾರೆ.

ನಿನ್ನೆ ಬಂಗಲೆಯ ಜಗಲಿಯಲ್ಲಿ ಗಾಜು ಒರೆಸುತ್ತಿದ್ದ ಕಲ್ಲಮ್ಮ ನನ್ನನ್ನು ನಿಲ್ಲಿಸಿದಳು. ಒಂದು ಪೆಟ್ಟಿಗೆಯಲ್ಲಿ ಮಂಗಟ್ಟೆ ಹಕ್ಕಿ ಇದೆ. ಅದರ ಹೆಣ್ಣು ಮರದ ಪೊಟರೆಯೊಳಗೆ ಕೂತು ಬಾಗಿಲಿಗೆ ಮಣ್ಣು ಮೆತ್ತಿಕೊಂಡುಬಿಡುತ್ತದೆ. ಮರಿಯಾಗುವವರೆಗೆ ಸಣ್ಣ ಸೀಳಿನಿಂದ ಗಂಡು ಹಣ್ಣು ತಂದು ಕೊಡಬೇಕು. "ಇದ್ನ ಹೊಡ್ದಾಗ ಬಾಯಲ್ಲಿ ಹಣ್ಣಿತ್ತು ರೈಟ್ರೇ. ಆಮೇಲೆ ಒಳಗಿದ್ದೋಳಿಗೆ ಹಣ್ಣು ಯಾರು ಕೊಟ್ರು?" ಎಂದು ಕೇಳಿದಳು. ನಾನು ಮೂರು ವರ್ಷದಿಂದ ಆ ಪೆಟ್ಟಿಗೆಯ ಮುಂದೆ ಓಡಾಡಿದ್ದೇನೆ, ಒಮ್ಮೆಯೂ ಇದನ್ನು ಯೋಚಿಸಿರಲಿಲ್ಲ.

ಖಾಯಂ ಆಗುವ ಆಸೆ ಹೋಗಿದೆ ಎಂದರೆ ಸುಳ್ಳಾಗುತ್ತದೆ. ಹೋಗಿಲ್ಲ. ಅಲ್ಲಿಗೆ ಬಂದ ಮೇಲೆ ನಾನು ಏನು ಮಾಡುತ್ತೇನೋ ನನಗೇ ತಿಳಿಯದು. ನಿಮ್ಮ ಮುಖ ನೋಡಲು ಹೆದರಿಕೆಯಾಗುತ್ತಿದೆ.

ರಂಗನಾಥ

*

ಸೀಗೆಕಾವಲು
೩೦ ಜೂನ್ ೧೯೩೪

ಚಿ. ರಂಗನಾಥನಿಗೆ,

ಹುಕುಂ ಬಂದಿದೆ. ನಾನು ಸರ್ಕಾರದ ಉಪ್ಪು ತಿಂದವನು, ದೊರೆಗಳು ಬರಲಿ. ಮೊಟ್ಟೆ ಒಡೆಯಲು ಏಳನೇ ತಾರೀಕು ಆಗಬೇಕು, ಐದಕ್ಕೇ ಬರುತ್ತಾರಂತೆ. ಇರಲಿ.

ಆ ದಿನ ಕರು ಹಾಕಿದ ಹಸುಗಳ ಮಂದೆ ದಿಬ್ಬದ ಕೆಳಗೇ ಮೇಯುತ್ತಿರುತ್ತದೆ, ಹುಲ್ಲು ಅಲ್ಲೇ ಉಳಿದಿರುವುದು. ಅಮೃತಮಹಲ್ ದನದ ಸ್ವಭಾವವನ್ನು ದೊರೆಗಳಿಗೆ ತಿಳಿಸು. ಗುರುತಿಲ್ಲದವರನ್ನು ಹತ್ತಿರ ಬಿಡುವುದಿಲ್ಲ. ಖಾಕಿ ಕಂಡರೆ ಕೊಂಬು ತಗ್ಗಿಸುತ್ತವೆ.

ಮೂರು ದಿನದಿಂದ ನನ್ನ ಗಂಟಲು ಕಟ್ಟಿದೆ. ಧ್ವನಿಯೇ ಹೊರಡುತ್ತಿಲ್ಲ. ಓಂಕಾರಪ್ಪನವರು ಇದನ್ನೂ ದೊರೆಗಳ ಕಿವಿಗೆ ಹಾಕಿದರೆ ಉಪಕಾರವಾಗುತ್ತದೆ.

ತಮ್ಮಯ್ಯ

*

ಸೀಗೆಕಾವಲು
೯ ಜುಲೈ ೧೯೩೪

ರಂಗನಾಥನಿಗೆ,

ದೊರೆಗಳಿಗೆ ಆದ ತೊಂದರೆಗೆ ನಾನು ಕೈಮುಗಿದು ಕ್ಷಮೆ ಕೇಳಿದ್ದೇನೆಂದು ತಿಳಿಸು. ಹಕ್ಕಿ ಆ ದಿನದಿಂದ ಈ ಕಡೆ ಸುಳಿದಿಲ್ಲ.

ಮೂರು ತಲೆಮಾರು ಮಂದೆ ಕಾದ ಮನೆಯಲ್ಲಿ ಹುಟ್ಟಿ, ಯಾವ ಕೂಗು ಯಾವುದೆಂಬುದನ್ನು ಮರೆತೆಯಲ್ಲ! ದಾರಿ ಬಿಡಿಸು ಎಂದರೆ ತೋಳದ ಕೂಗು ಹಾಕಿದೆ. ಆರು ವರ್ಷದ ಹುಡುಗ ತಪ್ಪಿದರೆ ನಗಬಹುದು, ಇಪ್ಪತ್ತೆಂಟು ವರ್ಷದವನು ತಪ್ಪಿದರೆ ಯಾರು ನಗುತ್ತಾರೆ? ಮೂರೇ ವರ್ಷಕ್ಕೆ ಕಾಫಿಯ ನೀರು ನಿನ್ನ ಗಂಟಲಿನಿಂದ ಎಲ್ಲವನ್ನೂ ತೊಳೆದುಬಿಟ್ಟಿತೆ? ಉಳಿದ ದನಗಾಹಿಗಳ ಮುಂದೆ ತಲೆ ಎತ್ತಲಾಗುತ್ತಿಲ್ಲ.

ಇನ್ನು ಬರೆಯುವುದಕ್ಕೆ ಏನೂ ಇಲ್ಲ.

ತಮ್ಮಯ್ಯ

*

ಮೂಡಿಗೆರೆ
೧೬ ಜುಲೈ ೧೯೩೪

ಅಪ್ಪನವರಿಗೆ,

ನಿಮ್ಮ ಕಾಗದವನ್ನು ಓಂಕಾರಪ್ಪನವರು ಆಫೀಸಿನಲ್ಲಿ ಗಟ್ಟಿಯಾಗಿ ಓದಿದರು. ಅಷ್ಟು ಜನರ ಮುಂದೆ ತಲೆ ತಗ್ಗಿಸಿ ನಿಂತೆ. ಆ ಬೈಗುಳ ಅವರು ಓದಲೆಂದು ಬರೆದದ್ದೋ, ನಾನು ಓದಲೆಂದು ಬರೆದದ್ದೋ? ಅದು ಗೊತ್ತಾಗದೆ ನನಗೆ ಊಟ ಸೇರುತ್ತಿಲ್ಲ. ಆದ್ದರಿಂದ ನೀವೇ ನಿಂತು ನೋಡಿದ್ದನ್ನು ನಾನು ನಿಮಗೆ ಮತ್ತೆ ಹೇಳುತ್ತಿದ್ದೇನೆ, ನನ್ನ ಒಳಗೆ ಏನು ನಡೆಯಿತೆಂದು ನಿಮಗೆ ಕಂಡಿರಲಾರದು.

ಕಾರು ನಿಲ್ಲಿಸಿ ನಡೆದು ಬಂದಾಗ ಗಂಡು ದಿಬ್ಬದ ನೆತ್ತಿಯ ಮೇಲೇ ಇತ್ತು. ಈ ಹಕ್ಕಿಯನ್ನು ನಾನು ಕಂಡದ್ದು ಅದೇ ಮೊದಲು. ಬಿಳಿ ಕತ್ತು ಎತ್ತಿ ನಮ್ಮನ್ನೇ ನೋಡುತ್ತಿತ್ತು, ಓಡಲಿಲ್ಲ. ಬಂದೂಕೆಂದರೆ ಏನೆಂದು ಅದಕ್ಕೆ ತಿಳಿಯದೆಂದು ನನಗೆ ಆಗ ಹೊಳೆಯಿತು. ಮಧ್ಯೆ ಮಂದೆ. ಮುಂದೆ ನಮ್ಮ ಕೆಂದಿ ಹಸು ಕೊಂಬು ತಗ್ಗಿಸಿ ನಿಂತಿತ್ತು. ಅದರಾಚೆ ನಿಮ್ಮ ಬಿಳಿಕಲ್ಲುಗಳು ಒಂದೊಂದಾಗಿ ಕಾಣುತ್ತಿದ್ದವು.

ದೊರೆ ನಿಮ್ಮತ್ತ ತಿರುಗಿ ದನ ಸರಿಸು ಎಂದರು. ನೀವು ಕತ್ತಿಗೆ ಸುತ್ತಿದ ಟವಲು ಮುಟ್ಟಿ ತಲೆಯಾಡಿಸಿದಿರಿ. ದೊರೆ ನನ್ನತ್ತ ತಿರುಗಿದರು. "ನೀನು ಅವನ ಮಗ. ನಿನಗೆ ಬರುತ್ತದೆ. ಕೂಗು," ಎಂದರು. ನಾನು ನಿಮ್ಮ ಕಣ್ಣು ಹುಡುಕಿದೆ. ನೀವು ನೆಲ ನೋಡುತ್ತಿದ್ದಿರಿ. ಒಂದು ಸಲ ತಲೆ ಎತ್ತಿದ್ದರೆ ಸಾಕಿತ್ತು ಅಪ್ಪ. ನಿಮ್ಮ ಗಂಟಲಿಗೆ ಏನೂ ಆಗಿಲ್ಲವೆಂದು ನನಗೆ ಕಾಗದದಲ್ಲೇ ತಿಳಿದಿತ್ತು. ಕೂಗುವ ಕೆಲಸವನ್ನು ನನ್ನ ಮೇಲೆ ಬಿಟ್ಟು ನೀವು ಸುಮ್ಮನೆ ನಿಂತಿರಿ.

ಉದ್ದನೆಯ ಕೂಗು ಹಾಕಿದರೆ ಮಂದೆ ಇಬ್ಭಾಗವಾಗುತ್ತಿತ್ತು. ದೊರೆ ಐವತ್ತು ಹೆಜ್ಜೆ ನಡೆದರೆ ಗುರಿ ತಪ್ಪುವ ಮಾತೇ ಇರಲಿಲ್ಲ. ನನ್ನ ಖಾಯಂ ಕೆಲಸ ಆ ಐವತ್ತು ಹೆಜ್ಜೆಯಾಚೆ ಇತ್ತು. ಆ ಕೂಗಿಗೆಂದೇ ಉಸಿರು ಎಳೆದುಕೊಂಡೆನೆಂದು ಒಪ್ಪಿಕೊಳ್ಳುತ್ತೇನೆ. ಬಾಯಿಯವರೆಗೂ ಬಂದಿತ್ತು. ಆಗ ಗಂಡು ಒಂದು ಹೆಜ್ಜೆ ಈಚೆಗೇ ಇಟ್ಟಿತು. ಕಲ್ಲಮ್ಮನ ಮಾತು ನೆನಪಾಯಿತು. ಕೋಟು ಬಿಚ್ಚಿ ಕೆಳಗೆ ಹಾಕಿದೆ, ಅಂಗೈಯನ್ನು ಬಾಯಿಗೆ ಬಡಿದು ಎರಡು ಸಲ ಕೂಗಿದೆ.

ಮುಂದಿನದನ್ನು ನೀವೇ ಕಂಡಿರಿ. ಎಂಬತ್ತು ಹಸುಗಳು ಒಮ್ಮೆಗೇ ತಿರುಗಿ ಕರುಗಳ ಸುತ್ತ ಕಟ್ಟಿಕೊಂಡವು. ದೊರೆ ಹಿಂದೆ ಸರಿಯುತ್ತ ಎಡವಿದರು, ಎದ್ದು ದೂರದಿಂದಲೇ ಒಂದು ಗುಂಡು ಹಾರಿಸಿದರು. ಹಕ್ಕಿ ಭಾರವಾಗಿ ಎದ್ದು ಪಡುವಣಕ್ಕೆ ಹೋಯಿತು. ಅದರ ಒಂದು ಕಾಲು ಜೋತಾಡಿದ ಹಾಗೆ ಕಂಡಿತು. ಅದು ನಿಜವೋ, ನನ್ನ ಹೆದರಿಕೆಯೋ ಗೊತ್ತಿಲ್ಲ. ಮರೆತುಹೋಗಿತ್ತು, ತಪ್ಪು ಕೂಗು ಬಂತು ಎಂದು ದೊರೆಗೆ ಹೇಳಿದೆ. ನಿಮ್ಮ ಕಾಲಿಗೂ ಬಿದ್ದು ಅದನ್ನೇ ಹೇಳಿದೆ, ಏಕೆಂದರೆ ಅವರು ನೋಡುತ್ತಿದ್ದರು. ನೀವು ಮಂದೆಯ ಹಿಂದೆ ಹೊರಟುಹೋದಿರಿ.

ನಾನು ಮರೆತಿರಲಿಲ್ಲ ಅಪ್ಪ.

ಹಕ್ಕಿಗೆ ಏಟು ಬಿತ್ತೆ? ಮೊಟ್ಟೆ ಏನಾಯಿತು? ಇವೆರಡನ್ನಾದರೂ ತಿಳಿಸಿ.

ರಂಗನಾಥ

*

ಕಳಸ
೨೦ ಸೆಪ್ಟೆಂಬರ್ ೧೯೩೪

ಅಪ್ಪನವರಿಗೆ,

ಎರಡು ತಿಂಗಳು ಕಾದೆ. ನಿಮ್ಮಿಂದ ಒಂದು ಕಾರ್ಡೂ ಬರಲಿಲ್ಲ.

ದೊರೆ ನನ್ನನ್ನು ಖಾಯಂ ಮಾಡಲಿಲ್ಲ. ಮರೆತೆ ಎಂಬ ಮಾತನ್ನು ಅವರು ನಂಬಿದಂತೆಯೂ ಕಾಣಲಿಲ್ಲ. ಕುದುರೆಮುಖದ ಬೆಟ್ಟದ ಬುಡದಲ್ಲಿರುವ ಅವರ ಸಣ್ಣ ತೋಟಕ್ಕೆ ಹಂಗಾಮಿಯಾಗಿಯೇ ಕಳಿಸಿದ್ದಾರೆ. ಜಿಗಣೆಗಳನ್ನು ಬಿಟ್ಟರೆ ನನ್ನನ್ನು ವಿಚಾರಿಸುವವರಿಲ್ಲ. ವಾರಕ್ಕೊಮ್ಮೆ ನಾನೇ ನಡೆದು ಕಳಸಕ್ಕೆ ಬಂದು ಟಪಾಲು ತೆಗೆದುಕೊಳ್ಳುತ್ತೇನೆ. ಇಲ್ಲಿ ಚೀಲ ಒಡೆಯುವವರು ಯಾರೂ ಇಲ್ಲ. ನನ್ನ ಹೆಸರಿಗೆ, ಕಳಸದ ಪೋಸ್ಟ್ ಆಫೀಸಿಗೆ ಬರೆದರೆ ನನ್ನ ಕೈಗೇ ಸಿಗುತ್ತದೆ.

ಬೈಯುವುದಿದ್ದರೂ ಬರೆಯಿರಿ.

ರಂಗನಾಥ

*

ಸೀಗೆಕಾವಲು
೨ ಅಕ್ಟೋಬರ್ ೧೯೩೪

ನನ್ನ ಮುದ್ದಿನ ಮಗ ರಂಗನಿಗೆ,

ನಿನ್ನ ಜುಲೈ ತಿಂಗಳ ಕಾಗದಕ್ಕೆ ಎಷ್ಟು ಸಲ ಉತ್ತರ ಬರೆದು ಹರಿದೆನೋ! ನಿಜ ಬರೆದರೆ ಓಂಕಾರಪ್ಪನ ಕೈಗೆ ಬಿದ್ದು ನಿನಗಿದ್ದ ಹಂಗಾಮಿ ಕೆಲಸವೂ ಹೋಗುತ್ತಿತ್ತು. ಮತ್ತೆ ಸುಳ್ಳು ಬೈಗುಳ ಬರೆಯಲು ಕೈ ಬರಲಿಲ್ಲ. ಹೀಗಾಗಿ ಸುಮ್ಮನಿದ್ದೆ, ನಿನಗೆ ನೋವಾಗುತ್ತದೆಂದು ಗೊತ್ತಿದ್ದೂ ಸುಮ್ಮನಿದ್ದೆ.

ಮೊದಲು ಹಕ್ಕಿಯ ವಿಷಯ. ಅದಕ್ಕೆ ಏಟು ಬಿದ್ದಿಲ್ಲ. ಗುಂಡಿನ ಸದ್ದಿಗೆ ಹೆಣ್ಣು ಏಳಲೇ ಇಲ್ಲ, ಮಣ್ಣಿಗೆ ಅಂಟಿಕೊಂಡು ಹಾಗೇ ಕೂತಿತ್ತು. ಏಳನೇ ತಾರೀಕು ದಾಟಿತು, ಎಂಟೂ ದಾಟಿತು. ಒಂಬತ್ತಕ್ಕೆ ನಿನಗೆ ಆ ಕೆಟ್ಟ ಕಾಗದ ಬರೆದು ಟಪಾಲಿಗೆ ಕೊಟ್ಟು ಬರುವಾಗ ನೋಡುತ್ತೇನೆ, ಹೆಣ್ಣಿನ ಕಾಲ ಹತ್ತಿರ ಹುಲ್ಲಿನ ಬಣ್ಣದ ಒಂದು ಮರಿ. ಗಂಡು ಹದಿಮೂರಕ್ಕೆ ತಿರುಗಿ ಬಂದು, ಏನೂ ಆಗದವನ ಹಾಗೆ ದಿಬ್ಬದ ಮೇಲೆ ಕತ್ತು ಉಬ್ಬಿಸಿತು. ಮರಿ ಈಗ ನಾಟಿಕೋಳಿಗಿಂತ ದೊಡ್ಡದಾಗಿದೆ, ತಾಯಿಯ ಹಿಂದೆ ಮಿಡತೆ ಹಿಡಿದು ತಿನ್ನುತ್ತದೆ.

ಈಗ ನಿನ್ನ ಪ್ರಶ್ನೆ. ಬೈಗುಳದಲ್ಲಿ ಅರ್ಧ ಓಂಕಾರಪ್ಪನಿಗೆ ಬರೆದದ್ದು. ಇನ್ನರ್ಧ ನಿನಗೇ ಬರೆದದ್ದು. ನೀನು ನಿಜವಾಗಿ ಮರೆತೆಯೆಂದೇ ನಾನು ನಂಬಿದ್ದೆ. ನಿನ್ನ ಕಾಗದ ಬರುವವರೆಗೆ ಹದಿನಾಲ್ಕು ದಿನ ಹಾಗೇ ನಂಬಿದ್ದೆ. ಹಕ್ಕಿ ಉಳಿದದ್ದಕ್ಕೆ ಕುಣಿಯಬೇಕಾದವನು ಮಂದೆಯ ಹಿಂದೆ ಹೋಗಿ ಅತ್ತೆ. ಮಗ ಬೇಕೆಂದು ಉಳಿಸಲಿಲ್ಲ, ನಮ್ಮ ಕೂಗು ಅವನಿಗೆ ಮರೆತುಹೋದದ್ದರಿಂದ ಉಳಿಯಿತು ಎಂದು ಅತ್ತೆ.

ನಿಮ್ಮವ್ವ ಆ ಸಂಜೆಯೇ ಹೇಳಿದ್ದಳು. ನಡೆದದ್ದನ್ನೆಲ್ಲ ಕೇಳಿ, ಒಲೆ ಊದುತ್ತಲೇ, "ಕೂಗೋಕ್ ಮುಂಚೆ ಕೋಟು ಬಿಚ್ಚಿದ್ನಾ?" ಅಂದಳು. ಬಿಚ್ಚಿದ ಅಂದೆ. "ಖಾಕಿ ಕಂಡ್ರೆ ದನ ಬೆದರ್ತಾವೆ ಅನ್ನೋದು ನೆನಪೈತೆ, ಕೂಗು ಮರ್ತೈತಾ? ಹೋಗ್ರಿ, ನಿಮಗೆ ದನ ಗೊತ್ತು, ಮಗ ಗೊತ್ತಿಲ್ಲ," ಅಂದಳು. ನಿನಗೇನು ತಿಳಿಯುತ್ತದೆಂದು ಅವಳನ್ನೂ ಬೈದೆ. ಈಗ ದಿನಕ್ಕೆರಡು ಸಲ ಅದನ್ನು ಎತ್ತಿ ಆಡುತ್ತಾಳೆ, ಆಡಲಿ.

ನಾನು ತಲೆ ಎತ್ತದೆ ನಿಂತದ್ದನ್ನು ನೀನು ಬರೆದಿದ್ದೀಯೆ. ಎತ್ತಿದ್ದರೆ ನನ್ನ ಕಣ್ಣು ನೋಡಿ ನೀನು ನನಗಾಗಿ ಕೂಗುತ್ತಿದ್ದೆ. ಹಾಗಾಗುವುದು ಬೇಡವೆಂದುಕೊಂಡೆ. ಅದು ದೊಡ್ಡ ಬುದ್ಧಿವಂತಿಕೆ ಎಂದು ಆಗ ಅನಿಸಿತ್ತು. ಮಗನ ಅನ್ನವನ್ನೂ ಹಕ್ಕಿಯ ಜೀವವನ್ನೂ ಒಂದೇ ತಕ್ಕಡಿಗೆ ಹಾಕಿ, ತೂಗು ಎಂದು ಅವನ ಕೈಗೇ ಕೊಟ್ಟು ನಾನು ಮೂಗನಾಗಿ ನಿಂತೆ. ಅಪ್ಪನಾದವನು ಹಾಗೆ ಮಾಡಬಾರದಿತ್ತು. ನನ್ನದು ತಪ್ಪಾಯಿತು ರಂಗ.

ಏಳು ಕಲ್ಲುಗಳಲ್ಲಿ ಆರನ್ನು ಎತ್ತಿ ಹಳ್ಳಕ್ಕೆ ಹಾಕಿದೆ. ಒಂದನ್ನು ಮನೆಗೆ ತಂದಿದ್ದೇನೆ, ನಿಮ್ಮವ್ವ ಅದರಲ್ಲಿ ಮೆಣಸು ಅರೆಯುತ್ತಾಳೆ. ದೀಪಾವಳಿಗೆ ರಜೆ ಕೇಳಿ ಬಾ. ಕೊಡದಿದ್ದರೆ ಕೇಳದೆಯೇ ಬಾ. ಕಂಬಳಿ ಹೊದ್ದು ಬಾ, ಕೆಂದಿಯ ಕರು ಇನ್ನೂ ಎಳೆಯದು, ಅದು ಹತ್ತಿರ ಯಾರನ್ನೂ ಬಿಡುವುದಿಲ್ಲ. ದಿಬ್ಬದವರೆಗೆ ಇಬ್ಬರೂ ಹೋಗೋಣ. ನನ್ನ ಗಂಟಲು ಚೆನ್ನಾಗಿದೆ. ಆದರೂ ದಾರಿ ಬಿಡಿಸುವ ಕೂಗು ನೀನೇ ಹಾಕಬೇಕು, ನಾನು ತಲೆ ಎತ್ತಿ ನಿನ್ನನ್ನು ನೋಡುತ್ತ ನಿಂತಿರುತ್ತೇನೆ.

ನಿನ್ನ ಅಪ್ಪ,
ತಮ್ಮಯ್ಯ